ಬ್ಲಾಕೇಜ್ ಇಲ್ಲದವಳ ಎದೆನೋವು

ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ನಾನು ರೊಟ್ಟಿ ಬಡಿಯಲು ಕೂಡುತ್ತೇನೆ. ಜೇವರ್ಗಿಯ ಈ ಮನೆಯಲ್ಲಿ ಈಗ ನನಗಿರುವ ನೌಕರಿ ಅದೊಂದೇ. ಹಂಚಿನ ಮೇಲೆ ರೊಟ್ಟಿ ಮೆಲ್ಲಗೆ ಉಬ್ಬುತ್ತದೆ, ಉಸಿರು ಬಿಟ್ಟಂತೆ ಇಳಿಯುತ್ತದೆ. ಅದನ್ನು ನೋಡುತ್ತ ಕೂತರೆ ಕಣ್ಣ ಮುಂದೆ ಹೃದಯಗಳು ಬರುತ್ತವೆ. ಯಾರದು ಎಂದು ಹೇಳಲಾರೆ. ಎಕ್ಸ್‌ರೇಯ ಬೂದು ಪರದೆಯ ಮೇಲೆ, ರಕ್ತನಾಳಕ್ಕೆ ಡೈ ಬಿಟ್ಟ ಕೂಡಲೇ, ಕಪ್ಪು ಎಳೆಗಳು ಕವಲೊಡೆದು, ಬೇಸಿಗೆಯ ಭೀಮಾ ಹೊಳೆ ಉಸುಕಿನಲ್ಲಿ ಹರಡಿದ ಹಾಗೆ ಹರಡಿ, ಒಂದು ಗಳಿಗೆ ನಿಂತು ಮಾಯವಾಗುತ್ತವೆ. ಅಷ್ಟರಲ್ಲಿ ರೊಟ್ಟಿ ಸೀದಿರುತ್ತದೆ. ಮನೆಯವರು ಅದನ್ನೂ ತಿನ್ನುತ್ತಾರೆ, ಮಾತಾಡುವುದಿಲ್ಲ. ಶಿವನು ಕೊಟ್ಟ ಸಣ್ಣ ಸಣ್ಣ ದಯೆಗಳಲ್ಲಿ ಅದನ್ನೂ ಎಣಿಸಿದ್ದೇನೆ.

ಕಲಬುರಗಿಯ ದವಾಖಾನೆಯೊಂದರ ಕ್ಯಾಥ್ ಲ್ಯಾಬಿನಲ್ಲಿ ನಾನು ಇಪ್ಪತ್ತಾರು ವರ್ಷ ನರ್ಸ್ ಆಗಿದ್ದೆ. ತೊಡೆಯ ಸಂದಿನಿಂದಲೋ ಮಣಿಕಟ್ಟಿನಿಂದಲೋ ತೆಳುವಾದ ನಳಿಕೆ ತೂರಿಸಿ, ಅದನ್ನು ರಕ್ತನಾಳದೊಳಗೇ ನಡೆಸಿಕೊಂಡು ಹೃದಯದವರೆಗೆ ಮುಟ್ಟಿಸುವ ಕೋಣೆ ಅದು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ಮಂದಿ ಅಲ್ಲಿಗೆ ಬರುತ್ತಿದ್ದರು. ನನ್ನ ತಂಗಿಯ ಮಗಳು ಪೂಜಾ ಈಗ ಅಂಥದೇ ಕೋಣೆಗೆ ಕೆಲಸಕ್ಕೆ ಸೇರಿದ್ದಾಳೆ. "ದೊಡ್ಡವ್ವಾ, ಪುಸ್ತಕದಾಗ ಇಲ್ಲದ್ದು ಏನಾರ ಇದ್ರ ಬರದು ಕೊಡು" ಎಂದಳು. ಪುಸ್ತಕದಲ್ಲಿ ಇಲ್ಲದ್ದು ಬಹಳ ಇದೆ. ಆದರೆ ನಾನು ಬರೆಯಲು ಕೂತದ್ದು ಮುಖ್ಯವಾಗಿ ಗುರುಬಾಯಿ ಎಂಬೊಬ್ಬ ರೋಗಿಗಾಗಿ. ದವಾಖಾನೆಯ ಬಾಗಿಲಲ್ಲಿ ನಿಂತು ನಾನು ಸಂತೋಷದಿಂದ ಆಡಿದ ಎರಡು ಮಾತಿಗೆ ಅವಳ ಸಂಸಾರವೇ ಕೈತಪ್ಪುವುದರಲ್ಲಿತ್ತು. ಅದಕ್ಕೆ ಬರುವ ಮೊದಲು ಆ ಕೋಣೆ ಎಂಥದು ಅಂತ ಹೇಳಿಬಿಡುತ್ತೇನೆ.

ಮೊದಲನೆಯದು, ಥಂಡಿ. ಹೊರಗೆ ಕಲಬುರಗಿಯ ಬಿಸಿಲು ಡಾಂಬರು ಕರಗಿಸುತ್ತಿದ್ದರೆ ಒಳಗೆ ಯಂತ್ರಗಳಿಗಾಗಿ ಚಳಿಗಾಲ. ಮೈಮೇಲೆ ಸೀಸದ ಏಪ್ರನ್. ಅದರ ಭಾರಕ್ಕೆ ಸಂಜೆ ಹೊತ್ತಿಗೆ ಹೆಗಲು ನನ್ನದಲ್ಲ ಅನ್ನಿಸುತ್ತಿತ್ತು. ದೀಪ ಮಬ್ಬು ಮಾಡಿದರೆ ಉಳಿಯುವುದು ಪರದೆಯ ಬೆಳಕು ಮತ್ತು ಎದೆಬಡಿತದ ಟಿಕ್ ಟಿಕ್ ಸದ್ದು. ಆಮೇಲೆ ಯಾರೂ ದೊಡ್ಡ ದನಿಯಲ್ಲಿ ಮಾತಾಡುತ್ತಿರಲಿಲ್ಲ. ನನಗೆ ಅದು ಮಠದ ಗದ್ದುಗೆಯ ಕೋಣೆಯ ಹಾಗೆ ಅನ್ನಿಸುತ್ತಿತ್ತು. ಮೈಯೊಳಗೆ ಯಾರೂ ನೋಡಬಾರದ್ದನ್ನು ನಾವು ನೋಡುತ್ತಿದ್ದೇವೆ, ತೊಳೆಯದ ಕಾಲಲ್ಲಿ ಬಂದಿದ್ದೇವೆ ಅನ್ನುವ ಅಂಜಿಕೆ.

ಪ್ರೆಶರ್ ಅಳೆಯುವ ಸಣ್ಣ ಡಬ್ಬಿಯೊಂದು ಅಲ್ಲಿರುತ್ತದೆ. ಅದನ್ನು ರೋಗಿಯ ಹೃದಯದ ಮಟ್ಟಕ್ಕೆ ಸರಿಯಾಗಿ ಕಟ್ಟಿ, ಸೊನ್ನೆಗೆ ತಂದು, ಆಮೇಲೆ ಓದಬೇಕು. ನಾನು ಸೇರಿದ ಹೊಸತರಲ್ಲಿ ಅದನ್ನು ಕೆಳಗೆ ಜೋತಾಡಲು ಬಿಟ್ಟು, ಪರದೆಯ ಮೇಲೆ ಬಂದ ಅಂಕಿ ನೋಡಿ ಗಾಬರಿಯಾಗಿ ಕೂಗಿದೆ. ಟೆಕ್ನಿಷಿಯನ್ ಬಶೀರ್ ಭಾಯಿ ತಲೆ ಕೂಡ ಎತ್ತಲಿಲ್ಲ.

"ಶಾಂತಕ್ಕಾ, ಈ ಅಜ್ಜಗ ಖರೇನೇ ಅಷ್ಟು ಪ್ರೆಶರ್ ಇದ್ದಿದ್ರ ಇಷ್ಟೊತ್ತಿಗೆ ಛಾವಣಿಗೆ ಹಾರಿರತಿದ್ದ. ಅಜ್ಜನ್ನ ಬಿಡ್ರಿ, ನಿಮ್ಮ ಡಬ್ಬಿ ನೋಡ್ರಿ."

ಟೇಬಲ್ ಮೇಲಿನ ಅಜ್ಜ ಎಚ್ಚರವಾಗಿಯೇ ಇದ್ದ. "ಯಾಕಪಾ, ನಾ ಏನ್ ಮಾಡಿದೆ?" ಅಂದ. ಅಂದಿನಿಂದ ಅಂಕಿ ತಪ್ಪು ಕಂಡರೆ ಮೊದಲು ನನ್ನ ಕೈ ನೋಡಿಕೊಳ್ಳುವುದು ರೂಢಿಯಾಯಿತು. ಬಾಯಿಯ ವಿಷಯದಲ್ಲಿ ಮಾತ್ರ ಆ ರೂಢಿ ಬರಲಿಲ್ಲ.

ಇನ್ನೊಂದು ಪೇಚು ನಮ್ಮ ಕಡೆಯವರಿಗೇ ಬರುವಂಥದು. ನಮ್ಮಲ್ಲಿ ಕೊರಳಿನ ಇಷ್ಟಲಿಂಗ ಮೈಬಿಟ್ಟು ಇಳಿಯುವಂತಿಲ್ಲ. ಅದು ಕೂಡುವುದು ಬೆಳ್ಳಿಯ ಕರಡಿಗೆಯಲ್ಲಿ, ಸರಿಯಾಗಿ ಎದೆಯ ಮೇಲೆ. ಎಕ್ಸ್‌ರೇ ಹಾಕಿದರೆ ಹೃದಯದ ಜಾಗದಲ್ಲಿ ಮೊಟ್ಟೆಯಷ್ಟು ದೊಡ್ಡ ಕಪ್ಪು ನೆರಳು, ಅದರ ಹಿಂದೆ ಏನಿದೆಯೋ ಕಾಣದು. ತೆಗೆಯಿರಿ ಎಂದರೆ ಒಬ್ಬರೂ ಒಪ್ಪುತ್ತಿರಲಿಲ್ಲ. "ಜೀವ ಬೇಕಾದ್ರ ತಗೀರಿ, ಲಿಂಗ ಮುಟ್ಟಬ್ಯಾಡ್ರಿ" ಎಂದು ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ಒಬ್ಬ ಅಜ್ಜಿ ಟೇಬಲ್ ಮೇಲೆ ಎದ್ದೇ ಕೂತಿದ್ದಳು. ನನ್ನ ಕೊರಳಲ್ಲೂ ಲಿಂಗವಿತ್ತಲ್ಲ, ನಾನು ಯಾವ ಬಾಯಲ್ಲಿ ಜೋರು ಮಾಡಲಿ? ಕರಡಿಗೆಯನ್ನು ದಾರದ ಸಮೇತ ಅವಳ ಬಲ ಮಣಿಕಟ್ಟಿಗೆ ಬ್ಯಾಂಡೇಜಿನಿಂದ ಕಟ್ಟಿದೆ. ಮೈಬಿಟ್ಟು ಹೋಗಲಿಲ್ಲ, ನೆರಳೂ ಬೀಳಲಿಲ್ಲ. ಆಗೆಲ್ಲ ನಳಿಕೆ ಹಾಕುತ್ತಿದ್ದುದು ತೊಡೆಯಿಂದ. ಹೀಗೆ ವರ್ಷಗಟ್ಟಲೆ ನಡೆಯಿತು.

ಆಮೇಲೆ ಮಣಿಕಟ್ಟಿನಿಂದ ಹೋಗುವ ಪದ್ಧತಿ ಬಂತು. ಕಾಲು ಮಡಚದೆ ತಾಸುಗಟ್ಟಲೆ ಅಂಗಾತ ಮಲಗುವ ಶಿಕ್ಷೆ ರೋಗಿಗಳಿಗೆ ತಪ್ಪಿತು, ಎದ್ದು ಕೂತು ಚಹಾ ಕುಡಿಯುವಂತಾಯಿತು. ಮೊದಲ ದಿನ ನಾನು ಕೈರೂಢಿಯಂತೆ ಲಿಂಗವನ್ನು ಬಲ ಮಣಿಕಟ್ಟಿಗೇ ಕಟ್ಟಿ, ಮೇಲೆ ಹಸಿರು ಬಟ್ಟೆ ಹೊದಿಸಿ ನಿಂತೆ. ದೊಡ್ಡ ಡಾಕ್ಟರು ಕೈ ತೊಳೆದು, ಗ್ಲೋವ್ಸ್ ಹಾಕಿಕೊಂಡು ಬಂದು ಬಟ್ಟೆ ಸರಿಸಿದರು.

"ಸಿಸ್ಟರ್, ಇಲ್ಲಿ ಶಿವ ಆಗಲೇ ಸೀಟು ಹಿಡದಾನ. ನಾ ಎಲ್ಲಿಂದ ಒಳಗ ಹೋಗ್ಲಿ?"

ರೋಗಿ, ಒಬ್ಬ ದೊಡ್ಡ ರೈತ, ಮಲಗಿದಲ್ಲಿಂದಲೇ ಅಂದ: "ಅಪ್ಪಣಿ ಕೇಳ್ಕೊಂಡು ಹೋಗ್ರಿ ಸಾಹೇಬ್ರ. ಅಂವ ಇಲ್ಲನ್ನಾಂವ ಅಲ್ಲ."

ಎಲ್ಲ ಬಿಚ್ಚಿ, ಕೈ ಮತ್ತೆ ಒರೆಸಿ, ಮೊದಲಿನಿಂದ ಶುರು ಮಾಡಬೇಕಾಯಿತು. ಲಿಂಗವನ್ನು ಎಡ ಅಂಗೈಯಲ್ಲಿಟ್ಟೆವು. ಪೂಜೆಯಲ್ಲಿ ನಾವು ಹಿಡಿಯುವುದೂ ಎಡ ಅಂಗೈಯಲ್ಲೇ ತಾನೆ, ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ. ಅಂಗೈಗೆ ಲಿಂಗ ಬಂದ ಕೂಡಲೇ ಆ ಮನುಷ್ಯನ ಎದೆಬಡಿತ ಪರದೆಯ ಮೇಲೆ ನಿಧಾನವಾದದ್ದನ್ನು ನಾನು ನೋಡಿದ್ದೇನೆ.

ಇನ್ನು ನನ್ನ ಬಾಯಿಯ ಕಥೆ. ಯಾರದಾದರೂ ಆಂಜಿಯೋಗ್ರಾಂ ಚೊಕ್ಕ ಬಂದರೆ, ಡಾಕ್ಟರು ರಿಪೋರ್ಟ್ ಬರೆದು ಮುಗಿಸುವ ಮೊದಲೇ ನಾನು ಬಾಗಿಲಿಗೆ ಓಡುತ್ತಿದ್ದೆ. ಏಪ್ರನ್ ಕೆಳಗಿನ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರುತ್ತಿತ್ತು. ಹೊರಗೆ ಮುಖ ಒಣಗಿಸಿಕೊಂಡು ಕೂತವರ ಬಾಯಿಗೆ ಚಿಟಿಕೆ ಸಕ್ಕರೆ ಹಾಕಿ, "ಏನೂ ಇಲ್ರಿ, ಏನೂ ಇಲ್ಲ" ಎನ್ನುತ್ತಿದ್ದೆ. ಅವರು ಕಾಲಿಗೆ ಬೀಳಲು ಬರುತ್ತಿದ್ದರು. ಡಾಕ್ಟರು ನಗುತ್ತಿದ್ದರೇ ಹೊರತು ತಡೆಯುತ್ತಿರಲಿಲ್ಲ. ಅದು ಪುಣ್ಯದ ಕೆಲಸವೆಂದೇ ನಾನು ನಂಬಿದ್ದೆ.

ಗುರುಬಾಯಿ ಬಂದದ್ದು ಆ ದಿನಗಳಲ್ಲಿ. ನಲವತ್ತರ ಹೆಂಗಸು. ತವರು ಅಫಜಲಪುರ ಕಡೆಯ ಗೊಬ್ಬೂರ, ನನ್ನ ತವರೂ ಅದೇ. ಆಳಂದ ತಾಲೂಕಿನ ಸರಸಂಬಾಕ್ಕೆ ಕೊಟ್ಟಿದ್ದರು. ಗುರುತು ಸಿಕ್ಕ ಕೂಡಲೇ ನನ್ನನ್ನು "ಯಕ್ಕಾ" ಎನ್ನತೊಡಗಿದಳು.

"ಕೊಡ ಎತ್ತಿದ್ರ ಇಲ್ಲಿ ಹಿಂಡ್ತದ ಯಕ್ಕಾ. ಹಸಿ ಬಟ್ಟಿ ಹಿಂಡಿದಂಗ. ಒಮ್ಮೊಮ್ಮಿ ಸುಮ್ಮ ಕುಂತಾಗನೂ ಬರ್ತದ."

ಆಂಜಿಯೋಗ್ರಾಂ ಆಯಿತು. ಅಷ್ಟು ಚಂದದ ನಾಳಗಳನ್ನು ನಾನು ಕಂಡದ್ದು ಕಡಿಮೆ. ಎಲ್ಲೂ ತಡೆಯಿಲ್ಲದೆ, ಬರೆದಿಟ್ಟ ರಂಗೋಲಿಯ ಹಾಗೆ. ದೊಡ್ಡ ಡಾಕ್ಟರು ಹೇಳಿದ್ದು ಇಷ್ಟು: "ದೊಡ್ಡ ನಾಳದಾಗ ಬ್ಲಾಕೇಜ್ ಇಲ್ಲ. ಗುಳಿಗಿ ಬರದೇನಿ. ನೋವು ಹಾಂಗೇ ಇದ್ರ ಮತ್ತ ಬರ್ಲಿ." ನಾನು ಬಾಗಿಲಿಗೆ ಓಡಿದೆ. ಅತ್ತೆ ಚಂದ್ರಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಗುರುಬಾಯಿಯ ಗಂಡ ಶರಣಪ್ಪ.

"ಬಾಯಿ ತಗೀರಿ ಚಂದ್ರಮ್ಮಾರ! ನಿಮ್ಮ ಸೊಸಿಗೆ ಏನೂ ಇಲ್ಲ."

ಅವಳು ಸಕ್ಕರೆ ಚೀಪಿ ಮುಗಿಸಿ ಕೇಳಿದಳು. "ಏನೂ ಇಲ್ಲಂದ್ರ ಏನೇನೂ ಇಲ್ಲ?"

"ಏನೇನೂ ಇಲ್ರಿ."

"ಮತ್ತ ಎರಡ್ ವರ್ಷಾತು, ಎದಿ ಹಿಡಕೊಂಡು ಕುಂಡ್ರೋದು ಯಾಕ?"

"ಹೆದರಿಕಿರಿ. ಟೆನ್ಶನ್" ಎಂದೆ ನಾನು, ನಗುನಗುತ್ತ.

ಅಷ್ಟರಲ್ಲಿ ಸ್ಟ್ರೆಚರ್ ಹೊರಗೆ ಬಂತು. ಗುರುಬಾಯಿ ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಏಪ್ರನ್ನಿನ ಅಂಚು ಹಿಡಿದು ಮೆಲ್ಲಗೆ ಅಂದಳು: "ಯಕ್ಕಾ, ನನಗ ಏನೂ ಇಲ್ಲಂದ್ರ ಈ ನೋವು ಯಾರದು?"

ನಾನು ಅವಳ ಕೆನ್ನೆ ತಟ್ಟಿ, ಮುಂದಿನ ರೋಗಿಯನ್ನು ಕರೆದುಕೊಂಡು ಒಳಗೆ ಹೋದೆ.

ಎಷ್ಟೋ ದಿನಗಳಾದ ಮೇಲೆ ಒಂದು ತೊಟ್ಟಿಲ ಕಾರ್ಯಕ್ಕೆ ಗೊಬ್ಬೂರಿಗೆ ಹೋಗಿದ್ದೆ. ಗುರುಬಾಯಿ ತನ್ನ ಅಣ್ಣನ ಮನೆಯ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ಕೂತಿದ್ದಳು. ಹಬ್ಬಕ್ಕೆ ಬಂದಿದ್ದಾಳೆ ಅಂದುಕೊಂಡೆ.

"ಯಾವಾಗ ಬಂದೆವ್ವಾ?"

"ಉಗಾದಿಗೆ ಬಂದೇನಿ ಯಕ್ಕಾ. ಹೋಗೋದೇನು ಕಾಣಂಗಿಲ್ಲ."

ಹಲುಬದೆ, ಕೈ ನಿಲ್ಲಿಸದೆ ಹೇಳಿದಳು. ಅತ್ತೆ ಗುಳಿಗೆ ನಿಲ್ಲಿಸಿದ್ದಳು. ಏನೂ ಇಲ್ಲದ್ದಕ್ಕೆ ಗುಳಿಗೆ ಯಾಕೆ? ನೋವು ಬಂದು ಹೊಲದಲ್ಲಿ ಕೂತರೆ ನಾಟಕ, ರೊಟ್ಟಿ ಬಡಿಯುತ್ತ ಎದ್ದು ಹೋದರೆ ನಾಟಕ. ಓಣಿಯವರು ಕೇಳಿದರೆ ಚಂದ್ರಮ್ಮನ ಬಳಿ ಒಂದೇ ಉತ್ತರ: "ದವಾಖಾನಿ ಸಿಸ್ಟರ್ ಖುದ್ದ ನನ್ನ ಬಾಯಾಗ ಸಕ್ಕರಿ ಹಾಕ್ಯಾಳ. ಬ್ಯಾನಿ ಇದ್ದವರ ಮನಿಯವರಿಗೆ ಸಕ್ಕರಿ ಹಾಕ್ತಾರೇನು?" ಶರಣಪ್ಪ ಕೆಟ್ಟವನಲ್ಲ, ತಾಯಿಯ ಎದುರು ಬಾಯಿ ಬಿಡದವನು. ಅವನೇ ತಂದು ಅಣ್ಣನ ಮನೆಯಲ್ಲಿ ಬಿಟ್ಟು ಹೋಗಿದ್ದ. ಇಬ್ಬರು ಹೆಣ್ಣುಮಕ್ಕಳು ಸರಸಂಬಾದಲ್ಲೇ ಉಳಿದಿದ್ದರು.

"ಶ್ರಾವಣ ಮುಗದ ಮ್ಯಾಲ ಹಿರೇರನ್ನ ಕೂಡಿಸಿ ಮಾತು ಮುಗಸ್ತಾರಂತ" ಎಂದಳು. ಗಂಡಹೆಂಡಿರ ಬಿಡುಗಡೆಯ ಮಾತು. "ಹುಡುಗ್ಯಾರನ್ನ ಕೊಡಂಗಿಲ್ಲಂತ ಯಕ್ಕಾ."

ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಚಹಾ ಮಾಡಲು ಎದ್ದಳು, ಬಾಗಿಲ ಹತ್ತಿರ ಚೌಕಟ್ಟು ಹಿಡಿದು ನಿಂತಳು. ಬೆನ್ನು ನನ್ನ ಕಡೆಗಿತ್ತು. ಆ ಬೆನ್ನು ನೋಡಿದ ಮೇಲೆ ಇದು ನಾಟಕವೆಂದು ಯಾರೂ ಹೇಳಲಾರರು. ನಾಟಕ ಮಾಡುವವರು ಮುಖ ತೋರಿಸುತ್ತಾರೆ.

ಮರುದಿನ ಜೇವರ್ಗಿಯಿಂದ ಕೆಲಸಕ್ಕೆ ಹೋಗುವಾಗ ಬಸ್ಸು ಕಟ್ಟಿಸಂಗಾವಿಯ ಸೇತುವೆ ಏರಿತು. ದಿನಾ ಅಲ್ಲಿ ಭೀಮೆಗೆ ಕೈ ಮುಗಿಯುತ್ತಿದ್ದೆ. ಅಂದು ಕೈ ಏಳಲಿಲ್ಲ. ಕಿಟಕಿಗೆ ಹಣೆ ಹಚ್ಚಿ ನೋಡುತ್ತ ಕೂತೆ. ಹೊಳೆ ತುಂಬಿ ಹರಿಯುತ್ತಿತ್ತು. ಆಚೆ ಕಪ್ಪು ನೆಲ, ಅದರಾಚೆ ಒಣಗಿ ಬಿರುಕು ಬಿಟ್ಟ ಒಂದು ಹೊಲ. ಇಷ್ಟು ನೀರು ಪಕ್ಕದಲ್ಲೇ ಹೋಗುತ್ತಿದೆ, ಆ ಹೊಲಕ್ಕೆ ಮುಟ್ಟಿಲ್ಲ. ನಾನು ಎಚ್ಚರವಿದ್ದೆನೋ ಜೋಂಪು ಹತ್ತಿತ್ತೋ, ಆ ಹೊಲ ಪರದೆಯ ಮೇಲಿನ ಹೃದಯದ ಹಾಗೆ ಒಮ್ಮೆ ಬಡಿದುಕೊಂಡಂತೆ ಕಂಡಿತು. ಹೊಳೆಯನ್ನೇ ನೋಡಿ ನಾವು ಎಲ್ಲ ನೆಟ್ಟಗಿದೆ ಎನ್ನುತ್ತಿದ್ದೇವೇನೋ ಅನ್ನಿಸಿತು.

ಆ ವರ್ಷ ನಮ್ಮಲ್ಲಿಗೆ ಬೀದರ ಕಡೆಯ ಒಬ್ಬ ಡಾಕ್ಟರಮ್ಮ ಹೊಸದಾಗಿ ಬಂದಿದ್ದರು. ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಹೊಸ ಸಂಶೋಧನೆಗಳನ್ನು ಓದುವುದು, ಓದಿದ್ದನ್ನು ನಮಗೂ ತಿಳಿಯುವ ಹಾಗೆ ಹೇಳುವುದು ಅವರ ಸ್ವಭಾವ. ಒಂದು ದಿನ ಅಂದರು: ದೊಡ್ಡ ನಾಳಗಳು ಪೂರಾ ಚೊಕ್ಕ ಇದ್ದರೂ, ಆಂಜಿಯೋಗ್ರಾಮಿನಲ್ಲಿ ಕಾಣದಷ್ಟು ಸಣ್ಣ ನಾಳಗಳು ಸೆಟೆದುಕೊಂಡರೆ ಹೃದಯಕ್ಕೆ ರಕ್ತ ಸಾಲುವುದಿಲ್ಲ. ಹೆಂಗಸರಲ್ಲೇ ಇದು ಹೆಚ್ಚು. ಏನೂ ಇಲ್ಲ ಎಂದು ಮನೆಗೆ ಕಳಿಸಿದವರಲ್ಲಿ ಇಂಥವರು ಬಹಳ ಇರಬೇಕೆಂದು ಈಗ ಎಲ್ಲ ಕಡೆ ಬರೆಯುತ್ತಿದ್ದಾರೆ.

ನಾನು ಕೇಳಿದೆ: "ಕಾಣದ್ದನ್ನ ಹುಡುಕೋದು ಹ್ಯಾಂಗ್ರಿ ಮೇಡಂ?"

"ಒಂದು ಔಷಧ ಅದ ಸಿಸ್ಟರ್. ನಾಳದೊಳಗ ಸ್ವಲ್ಪ ಸ್ವಲ್ಪ ಬಿಡಬೇಕು. ಸೆಟಕೊಳ್ಳೋ ನಾಳ ಇದ್ರ ನಮ್ಮ ಕಣ್ಣ ಮುಂದ ಸೆಟಕೊಳ್ತಾವ. ಪೇಷಂಟಿಗೆ ಅದೇ ನೋವು ಬರ್ತದ, ಇಸಿಜಿ ಬದಲಾಗ್ತದ."

ನಾನು ಊಟ ಬಿಟ್ಟು ಗುರುಬಾಯಿಯ ವಿಷಯ ಎಲ್ಲವನ್ನೂ ಹೇಳಿದೆ. ಸಕ್ಕರೆಯದನ್ನೂ. ಅವರು ಮೊಬೈಲ್ ಕೆಳಗಿಟ್ಟರು.

"ಕರಕೊಂಡು ಬರ್ರಿ. ಆದ್ರ ಒಂದು ವಿಚಾರ ಮಾಡ್ರಿ. ಟೆಸ್ಟಿನಾಗ ಏನೂ ಬರದೇ ಇದ್ರ? ಮನಿಯವರಿಗೆ ಎರಡನೇ ಸಲ ಸಾಕ್ಷಿ ಕೊಟ್ಟಂಗ ಆಗ್ತದ."

ಅದೇ ಮಾತನ್ನು ಗುರುಬಾಯಿಗೆ ಫೋನಿನಲ್ಲಿ ಹೇಳಿದೆ. ಅವಳು ತಡಮಾಡಲಿಲ್ಲ. "ಈ ಸಲನೂ ಏನೂ ಇಲ್ಲಂದ್ರ ನಾನೇ ಸರಸಂಬಾದ ಆಸೆ ಬಿಡ್ತೇನಿ ಯಕ್ಕಾ. ಹುಚ್ಚಿ ನಾನೇ ಅಂತ ತಿಳಕೋತೀನಿ." ಚಂದ್ರಮ್ಮನಿಗೂ ಫೋನು ಮಾಡಿದೆ, ಮಗನನ್ನು ಕರೆದುಕೊಂಡು ಬರಬೇಕು ಎಂದೆ.

"ಯಾಕ, ಸಕ್ಕರಿ ಉಳದದೇನು?" ಎಂದಳು ಮುದುಕಿ. ಆದರೂ ಬಂದಳು.

ಅಂದು ಬೆಳಿಗ್ಗೆ ನನ್ನ ಪೂಜೆ ಸರಿಯಾಗಿ ಆಗಲಿಲ್ಲ. ದವಾಖಾನೆಯಲ್ಲಿ ಎಲ್ಲ ದಿನದ ಹಾಗೆಯೇ ಇತ್ತು: ಥಂಡಿ, ಮಬ್ಬು, ಟಿಕ್ ಟಿಕ್. ಗುರುಬಾಯಿಯ ಬಲ ಮಣಿಕಟ್ಟಿನಿಂದ ನಳಿಕೆ ಹೋಯಿತು. ಅವಳ ಹೃದಯ ಮತ್ತೆ ಪರದೆಯ ಮೇಲೆ ಬಂತು, ಮೊದಲಿನಷ್ಟೇ ಚಂದ. ಆ ಚಂದ ನೋಡಿ ನನಗೆ ಹೆದರಿಕೆಯಾಯಿತು.

ಡಾಕ್ಟರಮ್ಮ ಮೊದಲ ಸಣ್ಣ ಪ್ರಮಾಣ ಬಿಟ್ಟರು. ಏನೂ ಆಗಲಿಲ್ಲ.

"ಗುರುಬಾಯಿ, ಏನರೆ ಅನಸ್ತದೇನು?"

"ಇಲ್ರಿ."

ಎರಡನೆಯದು. "ಇಲ್ರಿ." ಅವಳು ಕಣ್ಣು ಹೊರಳಿಸಿ ನನ್ನನ್ನು ಹುಡುಕುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಆ ಟೇಬಲಿನ ಮೇಲೆ ಮಲಗಿದವರೆಲ್ಲ ನೋವು ಬೇಡಪ್ಪಾ ಎಂದು ಬೇಡಿಕೊಂಡದ್ದನ್ನು ನೋಡಿದ್ದೆ. ನೋವು ಬರಲಿ ಎಂದು ಬೇಡಿಕೊಂಡವಳು ಇವಳೊಬ್ಬಳೇ. ನಾನೂ ಬೇಡಿಕೊಂಡೆ. ಶಿವನೇ, ಈ ಹೆಣ್ಣುಮಗಳಿಗೆ ನೋವು ಕೊಡು ಎಂದು. ಅಂಥ ಪ್ರಾರ್ಥನೆ ಅದಕ್ಕೆ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ಮೂರನೆಯದು ಹೋಯಿತು. ಬಶೀರ್ ಭಾಯಿ ಗಾಜಿನ ಆಚೆಯಿಂದ ಮೈಕಿನಲ್ಲಿ ಅಂದರು: "ಮೇಡಂ, ಇಸಿಜಿ ಇಳೀಲಾಕತ್ತದ." ಹಸಿರು ಗೆರೆ ಜೋತು ಬೀಳತೊಡಗಿತ್ತು. ಗುರುಬಾಯಿಯ ಹಣೆಯ ಮೇಲೆ ಬೆವರಿನ ಸಾಲು ಎದ್ದಿತು.

"ಬಂತು" ಎಂದಳು. "ಯಕ್ಕಾ, ಬಂತು! ಇದೇ ನೋಡು! ಹಸಿ ಬಟ್ಟಿ ಹಿಂಡಿದಂಗ… ಇದೇ ಅದ, ಇದೇ ಅದ!"

ನೋವಿಗೆ ಹಲ್ಲು ಕಚ್ಚುತ್ತಿದ್ದಳು, ನಗುತ್ತಲೂ ಇದ್ದಳು. ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು. ಪರದೆಯ ಮೇಲೆ ದೊಡ್ಡ ನಾಳಗಳು ಹಾಗೆಯೇ ತೆರೆದುಕೊಂಡಿದ್ದವು. ಡಾಕ್ಟರಮ್ಮ ಕೂಡಲೇ ಸಡಿಲಿಸುವ ಔಷಧ ಬಿಟ್ಟರು. ಗೆರೆ ನಿಧಾನವಾಗಿ ತನ್ನ ಜಾಗಕ್ಕೆ ಬಂತು. ಅವರು ಮಾಸ್ಕ್ ಕೆಳಗಿಳಿಸಿ, ಬಾಗಿ, ಅವಳ ಕಿವಿಯ ಹತ್ತಿರ ಹೇಳಿದರು: "ನಿಮ್ಮ ಮಾತು ಖರೇ ಅದ ಗುರುಬಾಯಿ."

"ಇನ್ನೊಮ್ಮಿ ಅನ್ರಿ" ಎಂದಳು.

ಡಾಕ್ಟರಮ್ಮ ಇನ್ನೊಮ್ಮೆ ಅಂದರು.

ಪೂಜಾ, ನಿನಗೆ ನಾನು ಹೇಳುವುದು ಇದೊಂದೇ. ಡಾಕ್ಟರು ಏನು ಹೇಳಿದರೋ ಅಷ್ಟನ್ನೇ ಹೊರಗೆ ಒಯ್ಯಿ. ಒಂದು ಅಕ್ಷರ ಹೆಚ್ಚಲ್ಲ, ಕಡಿಮೆಯಲ್ಲ, ಸಂತೋಷಕ್ಕೂ ಅಲ್ಲ. ಅಂದು ನಾನು ಡಾಕ್ಟರಮ್ಮನನ್ನೇ ಬಾಗಿಲಿಗೆ ಕರೆದುಕೊಂಡು ಹೋದೆ. ಅವರು ರಿಪೋರ್ಟ್ ಹಿಡಿದು ಎಲ್ಲ ವಿವರಿಸಿದರು. ಗುಳಿಗೆ ತಪ್ಪಿಸಬಾರದು, ನೋವು ಬಹಳ ಕಡಿಮೆಯಾಗಬಹುದು, ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದರು. ಅವರ ಮಾತು ಮುಗಿದ ಮೇಲೆ ನಾನು ಮುಂದೆ ಬಂದೆ.

"ಚಂದ್ರಮ್ಮಾರ, ಅವತ್ತು ಡಾಕ್ಟರ್ ಹೇಳಿದ್ದು ದೊಡ್ಡ ನಾಳದಾಗ ಬ್ಲಾಕೇಜ್ ಇಲ್ಲಂತ. ಏನೂ ಇಲ್ಲಂದಾಕಿ ನಾನು. ಟೆನ್ಶನ್ ಅಂದಾಕಿನೂ ನಾನೇ. ತಪ್ಪು ನಂದು. ಆಕೀದಲ್ಲ."

ಶರಣಪ್ಪ ರಿಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಓದಲು ಬಾರದ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಾಡಿಸಿ, ತಲೆಯೆತ್ತದೆ ಅಂದ: "ಇವತ್ತೇ ಊರಿಗಿ ಕರಕೊಂಡು ಹೋಗಬಹುದೇನ್ರಿ?"

"ನಾಳಿಗಿ ಹೋಗ್ರಿ" ಎಂದರು ಡಾಕ್ಟರಮ್ಮ.

ಚಂದ್ರಮ್ಮ ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಅವಳು ಒಪ್ಪದೆ ಆ ಮನೆಯಲ್ಲಿ ಏನೂ ನಡೆಯದೆಂದು ನನಗೂ ಗೊತ್ತು, ಒಳಗೆ ಮಲಗಿದವಳಿಗೂ ಗೊತ್ತು.

ಮಧ್ಯಾಹ್ನ ವಾರ್ಡಿನಲ್ಲಿ ಗುರುಬಾಯಿಯ ಮಣಿಕಟ್ಟಿನ ಪಟ್ಟಿ ಸಡಿಲಿಸುತ್ತಿದ್ದೆ. ಚಂದ್ರಮ್ಮ ಬಂದು ಮಂಚದ ಕಾಲ್ಗಡೆ ನಿಂತಳು. ಸೊಸೆಯ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಸೆರಗಿನ ಮೇಲಿಂದ ತನ್ನ ಎದೆಯ ನಡುವೆ ಕೈಯಿಟ್ಟುಕೊಂಡು, ಕಿಟಕಿಯ ಕಡೆಗೆ ನೋಡುತ್ತ ಹೇಳಿದಳು.

"ನನಗೂ ಹಿಂಗೇ ಹಿಂಡತಿತ್ತು. ಸಣ್ಣಾಕಿ ಇದ್ದಾಗಿಂದ. ಈಗನೂ ಬರ್ತದ. ನಮ್ಮತ್ತಿ ನಾಟಕ ಅಂತಿದ್ದಳು. ನಾನೂ ನಾಟಕನೇ ಇರಬೇಕಂತ ತಿಳಕೊಂಡಿದ್ದೆ."

ಗುರುಬಾಯಿ ಒಂದು ಕೈ ಊರಿ ಮೆಲ್ಲಗೆ ಗೋಡೆಯ ಕಡೆಗೆ ಸರಿದು, ಮಂಚದ ಮೇಲೆ ಜಾಗ ಮಾಡಿದಳು.

"ಬರ್ರಿ ಅತ್ತಿ, ಕುಂಡ್ರಿ" ಎಂದಳು. "ಎಲ್ಲಿ ನೋಯ್ತದ, ಹೇಳ್ರಿ."